ಸಾಚಾ, ಮಡಿವಂತ, ಉಜ್ಬ್: ಯಾರಿಗೆ ಯಾವ ಹೆಸರು?

ಪೇಟೆಯಲ್ಲಿ ಒಬ್ಬನಿಗೆ ಇನ್ನೊಬ್ಬನ ಮೇಲೆ ಸಿಟ್ಟು ಬಂದರೆ ಮೊದಲು ಹೊರಡುವ ಮಾತು, "ಅವನೇನು ದೊಡ್ಡ ಸಾಚಾನಾ?" ಸಾಚಾ ಅಂದರೆ ಸತ್ಯವಂತ, ಅಪ್ಪಟ. ಆದರೆ ಈ ಶಬ್ದದಿಂದ ಯಾರನ್ನಾದರೂ ಹೊಗಳಿದ್ದನ್ನು ನಾವು ಕೇಳಿದ್ದು ಕಡಿಮೆ. 'ಸತ್ಯ ಹರಿಶ್ಚಂದ್ರನ ಮೊಮ್ಮಗ' ಅನ್ನುವುದೂ ಹಾಗೆಯೇ. ಕೊಟ್ಟ ಮಾತಿಗಾಗಿ ರಾಜ್ಯವನ್ನೇ ಬಿಟ್ಟ ರಾಜನ ಹೆಸರು ಇವತ್ತು ಬೈಗುಳದ ಪಕ್ಕದಲ್ಲಿ ಬಂದು ನಿಂತಿದೆ. ತಪ್ಪು ಹರಿಶ್ಚಂದ್ರನದ್ದಲ್ಲ, ಮೊಮ್ಮಕ್ಕಳದ್ದು.

ಇನ್ನೊಂದು ಮಾತು ಮಡಿವಂತ. ಮಡಿ ಅಂದರೆ ಒಗೆದ ಶುಭ್ರ ಬಟ್ಟೆ. ಮಡಿವಾಳ ಎಂಬ ಹೆಸರೂ ಅಲ್ಲಿಂದಲೇ ಬಂತು. ಪೂಜೆ, ಅಡುಗೆಯ ಶುದ್ಧಿಗೆ ಹೇಳುತ್ತಿದ್ದ ಈ ಮಾತು ಈಗ ಎಲ್ಲ ಧರ್ಮದವರಿಗೂ ಅಂಟಿದೆ. ಇನ್ನೊಬ್ಬ ಹತ್ತಿರ ಬಂದರೆ ತಾನು ಕೆಟ್ಟೇನು ಎಂದು ದೂರ ನಿಲ್ಲುವವರೆಲ್ಲ ಮಡಿವಂತರು. ನಮ್ಮೊಳಗೆ ಇಲ್ಲವೇ? ಬೇಕಾದಷ್ಟಿದ್ದಾರೆ. ಆಷಾಢಭೂತಿ ಮಾತ್ರ ಬೇರೆ ಜಾತಿ. ಪಂಚತಂತ್ರದ ಆ ಕಳ್ಳ ಹಣ ಹೊಡೆಯಲೆಂದೇ ಸನ್ಯಾಸಿಗೆ ಶಿಷ್ಯನಾದವನು. ತಾನು ನಾಟಕ ಆಡ್ತಿದ್ದೇನೆ ಎಂದು ಅವನಿಗೆ ಗೊತ್ತು. ಮಡಿವಂತನಿಗೆ ಅದು ನಾಟಕವೇ ಅಲ್ಲ, ತಾನು ಶುದ್ಧ ಎಂದು ನಂಬಿಯೇ ಇರುತ್ತಾನೆ. ಮದ್ದು ಹಿಡಿಯದ ಕಾಯಿಲೆ ಇದೇ.

ಅರಬಿಯಲ್ಲಿ ಈ ವ್ಯತ್ಯಾಸಕ್ಕೆ ಬೇರೆ ಬೇರೆ ಹೆಸರುಗಳಿವೆ. ನಾಲ್ಕು ಜನ ನೋಡಲಿ ಎಂದು ಮಾಡುವ ಇಬಾದತ್ತು ರಿಯಾ. ತನ್ನ ಒಳ್ಳೆಯತನವನ್ನು ತಾನೇ ಮೆಚ್ಚಿಕೊಳ್ಳುವುದು ಉಜ್ಬ್. ಇನ್ನೊಬ್ಬರನ್ನು ಕೆಳಗಿಟ್ಟು ನೋಡುವುದು ಕಿಬ್ರ್. 1111ರಲ್ಲಿ ತೀರಿಕೊಂಡ ಇಮಾಂ ಗಝಾಲಿ ಅವರು 'ಇಹ್ಯಾ'ದ 40 ಭಾಗಗಳಲ್ಲಿ ಎರಡನ್ನು ಈ ರೋಗಗಳಿಗೇ ಮೀಸಲಿಟ್ಟಿದ್ದಾರೆ. ಕಿಬ್ರ್‌ಗೆ ಇನ್ನೊಬ್ಬ ಮನುಷ್ಯ ಬೇಕು. ಉಜ್ಬ್‌ಗೆ ಯಾರೂ ಬೇಡ, ಲೋಕದಲ್ಲಿ ಒಬ್ಬನೇ ಇದ್ದರೂ ಅದು ಬರಬಹುದು ಎಂಬುದು ಅವರ ವಿವರಣೆ. ರಿಯಾಕ್ಕಾದರೋ ನೋಡುವ ಕಣ್ಣು ಬೇಕೇ ಬೇಕು. ಬಾಗಿಲು ಮುಚ್ಚಿದರೆ ಅದು ಸಾಯುತ್ತದೆ. ಉಜ್ಬ್ ಬಾಗಿಲು ಮುಚ್ಚಿದ ಮೇಲೂ ಬೆಳೆಯುತ್ತದೆ.

'ತನತ್ತುಅ್' ಎಂಬ ಇನ್ನೊಂದು ಶಬ್ದ ನಮಗೆ ಬಹಳ ಇಷ್ಟ. ಇದರ ಮೂಲದಲ್ಲಿ ಬಾಯಿಯ ಮೇಲಿನ ಅಂಗುಳ ಇದೆ. ಅಂಗುಳದಿಂದ ಶಬ್ದ ಹೊರಳಿಸಿ, ಬೇಕೆಂದೇ ಕಷ್ಟ ಮಾಡಿ ಮಾತಾಡುವವನಿಗೆ ಮೊದಲು ಹೇಳಿದ್ದು. ಆಮೇಲೆ ಎಲ್ಲದರಲ್ಲೂ ಅತಿ ಮಾಡುವವನಿಗೆ. (ಮದ್ರಸದಲ್ಲಿ 'ಐನ್' ಹೇಳಲು ಗಂಟಲು ಹರಿದುಕೊಳ್ಳುವ ಮಕ್ಕಳ ನೆನಪಾಗುತ್ತದೆ. ಪಾಪ, ಅವರು ಕಲಿಯುತ್ತಿರುವವರು.) ಇಂಥವರು ನಾಶವಾದರು ಎಂದು ಪ್ರವಾದಿ(ಸ) ಮೂರು ಸಲ ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ರಾತ್ರಿಯಿಡೀ ನಮಾಝ್ ಮಾಡ್ತೇನೆ, ದಿನಾ ಉಪವಾಸ ಹಿಡೀತೇನೆ, ಮದುವೆಯೇ ಬೇಡ ಎಂದು ಹೊರಟ ಮೂವರನ್ನು ಅವರು ತಡೆದದ್ದೂ ಪ್ರಸಿದ್ಧ. ಆ ಮೂವರಲ್ಲಿ ಕಪಟ ಇರಲಿಲ್ಲ, ಅದನ್ನು ಗಮನಿಸಬೇಕು. ಮನಸ್ಸು ಶುದ್ಧ ಇದ್ದರೂ ಅತಿ ಅತಿಯೇ.

ಈಗ ನಮ್ಮ ಪಲ್ಲಿಗಳ ಕಡೆ ಬರೋಣ. ಚಿತ್ರ ಇರುವ ಟೀಶರ್ಟ್ ಹಾಕಿಕೊಂಡು ಒಬ್ಬ ಹುಡುಗ ಜುಮಾಕ್ಕೆ ಬರುತ್ತಾನೆ. ಮೊದಲ ಸಾಲಿನ ಹಿರಿಯರೊಬ್ಬರು ಎಲ್ಲರೆದುರು ಗದರುತ್ತಾರೆ. ಮುಂದಿನ ವಾರ ಹುಡುಗನಿಲ್ಲ, ಅದರ ಮುಂದಿನ ವಾರವೂ ಇಲ್ಲ. ಹಿರಿಯರಿಗೆ ಅದರ ಚಿಂತೆ ಇಲ್ಲ. ಈಗಿನ ಕಾಲದವರು ಕೆಟ್ಟರು ಎಂದು ಹೇಳಲು ಇನ್ನೊಂದು ಉದಾಹರಣೆ ಸಿಕ್ಕಿತು. ಜನ ಕೆಟ್ಟು ಹೋದರು ಅನ್ನುತ್ತಾ ತಿರುಗುವವನೇ ಅವರೆಲ್ಲರಿಗಿಂತ ಹೆಚ್ಚು ಕೆಟ್ಟವನು ಎಂಬ ಅರ್ಥದ ಹದೀಸ್ ಇರುವುದು ಇಂಥ ಹೊತ್ತಿಗೇ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹೊರಗೆ ಕಟ್ಟೆಯಲ್ಲಿ ಕೂತ ಹುಡುಗರು ಆ ಹಿರಿಯರಿಗೆ ಹೆಸರಿಡುತ್ತಾರೆ. 'ಸಾಚಾ' ಅಂದರೆ ನಾವೂ ನಕ್ಕು ಸುಮ್ಮನಾಗಬಹುದಿತ್ತು. ಈಗ ಅವರ ಬಾಯಲ್ಲಿ ಬರುವುದು 'ಮುನಾಫಿಕ್', ಕಪಟವಿಶ್ವಾಸಿ. ಗಡ್ಡ ಬಿಟ್ಟವನಿಗೆ, ಕಾಲೇಜಿಗೆ ಹೊಸದಾಗಿ ನಿಖಾಬ್ ಹಾಕಿದ ಹುಡುಗಿಗೆ, ಹಜ್ಜಿನಿಂದ ಬಂದು ಮಾತು ಕಡಿಮೆ ಮಾಡಿದವರಿಗೆ, ಎಲ್ಲರಿಗೂ 'ರಿಯಾ' ಎಂಬ ಒಂದೇ ಚೀಟಿ. ಇದು ಗದರುವುದಕ್ಕಿಂತ ಸಣ್ಣ ತಪ್ಪೇನಲ್ಲ. ಸಾಚಾ, ಮಡಿವಂತ ಎಂಬುವು ಕಣ್ಣಿಗೆ ಕಾಣುವ ನಡತೆಗೆ ಇಟ್ಟ ಹೆಸರುಗಳು. ರಿಯಾ, ಉಜ್ಬ್ ಹಾಗಲ್ಲ. ಅವು ನಿಯ್ಯತ್ತಿನ ಒಳಗಿನ ರೋಗಗಳು. ಇನ್ನೊಬ್ಬನ ನಿಯ್ಯತ್ತನ್ನು ನೋಡಿದವರು ಯಾರಿದ್ದಾರೆ?

ಕಪಟವಿಶ್ವಾಸಿಗಳ ಹೆಸರುಗಳನ್ನು ಪ್ರವಾದಿ(ಸ) ಹುದೈಫಾ(ರ) ಅವರಿಗೆ ಗುಟ್ಟಾಗಿ ತಿಳಿಸಿದ್ದರು. ಅದು ಗೊತ್ತಿದ್ದ ಉಮರ್(ರ) ಹೋಗಿ ಕೇಳಿದ್ದು, ಆ ಪಟ್ಟಿಯಲ್ಲಿ ತನ್ನ ಹೆಸರಿದೆಯೇ ಎಂದು. ಪಕ್ಕದ ಮನೆಯವನದ್ದಲ್ಲ.

ಉಜ್ಬ್‌ಗೆ ಕನ್ನಡದಲ್ಲಿ ಏನು ಹೇಳಬೇಕೆಂದು ತರಗತಿಯಲ್ಲಿ ಹುಡುಕಿದ್ದುಂಟು. ಆತ್ಮಪ್ರಶಂಸೆ ಅಂದರೆ ಬಾಯಿಬಿಟ್ಟು ಹೊಗಳಿಕೊಂಡ ಹಾಗಾಗುತ್ತದೆ, ಅಹಂಕಾರ ಕಿಬ್ರ್‌ಗೆ ಹೋಯಿತು. ಏಳನೇ ತರಗತಿಯ ಹುಡುಗನೊಬ್ಬ, "ಉಸ್ತಾದ್, 'ನಾನು ಅವರ ಹಾಗಲ್ಲ ಅಲ್ವಾ' ಅಂತ ಒಳಗೆ ಅನಿಸ್ತದಲ್ಲ, ಅದು" ಅಂದ. ಸದ್ಯಕ್ಕೆ ಬೋರ್ಡಿನಲ್ಲಿ ಅದನ್ನೇ ಬರೆಸಿದ್ದೇವೆ.