‘ರಸೆಟ್’ ಎಂಬ ವರ್ಣವಾಚಕ

ಇಂಗ್ಲಿಷಿನ ‘ರಸೆಟ್’ ಶಬ್ದಕ್ಕೆ ಇಂದಿನ ನಿಘಂಟುಗಳು ಕೆಂಪು ಬೆರೆತ ಕಂದುಬಣ್ಣವೆಂದು ಅರ್ಥ ಹೇಳುತ್ತವೆ. ಮಧ್ಯಯುಗದ ದಾಖಲೆಗಳನ್ನು ಓದುವವನು ಈ ಅರ್ಥವೊಂದನ್ನೇ ನೆಚ್ಚಿದರೆ ದಾರಿ ತಪ್ಪಿಯಾನು. ಕೆಂಪೆಂಬ ಅರ್ಥದ ಲ್ಯಾಟಿನ್ ‘ರುಸ್ಸುಸ್’ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದ ಈ ಶಬ್ದವು ಆ ಕಾಲದ ಇಂಗ್ಲೆಂಡಿನಲ್ಲಿ ಒರಟು ಉಣ್ಣೆಬಟ್ಟೆಯೊಂದರ ಹೆಸರೂ ಆಗಿದ್ದಿತು. ಆ ಬಟ್ಟೆ ಕಂದಾಗಿರಬಹುದಿತ್ತು, ಬೂದುಬಣ್ಣದ್ದೂ ಆಗಿರಬಹುದಿತ್ತು.

1363ರಲ್ಲಿ ಮೂರನೆಯ ಎಡ್ವರ್ಡನ ಪಾರ್ಲಿಮೆಂಟು ಉಡುಪಿನ ಕಟ್ಟಳೆಯೊಂದನ್ನು ವಿಧಿಸಿತು. 40 ಷಿಲಿಂಗಿನಷ್ಟು ಸೊತ್ತಿಲ್ಲದ ಉಳುವವರೂ ಗಾಡಿ ಹೊಡೆಯುವವರೂ ದನ ಕಾಯುವವರೂ 12 ಪೆನ್ಸ್ ಬೆಲೆಯ ‘ಬ್ಲ್ಯಾಂಕೆಟ್’ ಮತ್ತು ‘ರಸೆಟ್’ ಉಣ್ಣೆಗಳನ್ನಲ್ಲದೆ ಬೇರೊಂದು ಬಟ್ಟೆಯನ್ನು ತೊಡಕೂಡದೆಂಬುದು ಅದರಲ್ಲಿನ ಒಂದು ವಿಧಿ. ಕಟ್ಟಳೆಯೇನೋ ಬಹುಬೇಗ ರದ್ದಾಯಿತು. ಶಬ್ದಕ್ಕೆ ಅಂಟಿದ ಬಡತನ ಮಾತ್ರ ಅಳಿಯಲಿಲ್ಲ. 1643ರಲ್ಲಿ ಆಲಿವರ್ ಕ್ರಾಮ್‌ವೆಲ್ ತನ್ನ ಪತ್ರವೊಂದರಲ್ಲಿ, ಕುಲೀನನೆಂಬ ಹೆಸರು ಮಾತ್ರ ಉಳ್ಳವನಿಗಿಂತ ತನ್ನ ಧ್ಯೇಯವನ್ನು ಅರಿತು ಹೋರಾಡುವ, ರಸೆಟ್ ಅಂಗಿಯ ಸಾಮಾನ್ಯ ದಳಪತಿಯೇ ಲೇಸೆಂದನು. ಅಲ್ಲಿ ಆ ಶಬ್ದವು ಸೂಚಿಸಿದುದು ಅಂತಸ್ತನ್ನು.

ಆದುದರಿಂದ ಹಳೆಯ ದಾಖಲೆಯಲ್ಲಿ ಇಂತಹ ವರ್ಣವಾಚಕವು ಕಂಡುಬಂದಾಗ, ಅದು ಯಾವ ಬಣ್ಣವೆಂದು ನಿರ್ಣಯಿಸುವ ಮುನ್ನ, ಅದು ಯಾರ ಮೈಮೇಲಿನ ಬಟ್ಟೆಯೆಂದು ವಿಚಾರಿಸುವುದು ಚರಿತ್ರಕಾರನಿಗೆ ಉಚಿತ.