ಹಗುರ ಜೇಬಿನಲ್ಲಿ ಬ್ರಿಸ್ಟಲ್

ಮಕ್ಕಳು ಮೊಮ್ಮಕ್ಕಳನ್ನು ಕಾಣಲೆಂದು ಲಂಡನ್ನಿಗೆ ಹೋಗಿಬರುವ ಹಿರಿಯರು ಇಂದು ನಮ್ಮ ಊರುಗಳಲ್ಲಿ ವಿರಳರಲ್ಲ. ಅಲ್ಲಿ ಎರಡು ದಿನದ ಬಿಡುವು ದೊರೆತರೆ, ಮಿತವ್ಯಯದಲ್ಲಿ ನೋಡಿಬರಬಹುದಾದ ಊರು ಯಾವುದು? ಬ್ರಿಸ್ಟಲ್ ಎಂದೇ ನಾನು ಹೇಳುತ್ತೇನೆ. ಲಂಡನ್ನಿನ ಪಶ್ಚಿಮಕ್ಕೆ ಸುಮಾರು 190 ಕಿಲೋಮೀಟರ್ ದೂರದಲ್ಲಿ, ಏವನ್ ನದಿಯ ದಡದಲ್ಲಿರುವ ಈ ಹಳೆಯ ರೇವುಪಟ್ಟಣದಲ್ಲಿ ನೋಡಲೇಬೇಕಾದ ಬಹುಪಾಲು ತಾಣಗಳಿಗೆ ಪ್ರವೇಶಶುಲ್ಕವಿಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚುವವರಿಗೆ ದಿನಗಳ ಆಯ್ಕೆಯೇ ಮುಖ್ಯ. ಶುಕ್ರವಾರ, ಶನಿವಾರಗಳ ರಾತ್ರಿ ವಸತಿಗೃಹಗಳ ದರ ಏರುತ್ತದೆ. ಭಾನುವಾರ ರಾತ್ರಿ ಸಾಮಾನ್ಯವಾಗಿ ಇಳಿಯುತ್ತದೆ. ಆದರೆ ಸೋಮವಾರ ಎಂ ಷೆಡ್ ವಸ್ತುಸಂಗ್ರಹಾಲಯಕ್ಕೆ ರಜೆ. ಆದ್ದರಿಂದ ಭಾನುವಾರ ಒಳಾಂಗಣದ ನೋಟಗಳನ್ನೂ ಸೋಮವಾರ ಹೊರಾಂಗಣದವನ್ನೂ ಇಟ್ಟುಕೊಂಡರೆ ಎರಡೂ ಕಡೆ ಲಾಭ. ರೈಲಿನ ಟಿಕೆಟ್ಟನ್ನು ಕೆಲವು ವಾರ ಮೊದಲೇ, ನಿರ್ದಿಷ್ಟ ಗಾಡಿಗೆಂದು ಕೊಂಡರೆ ದರ ಬಹಳ ಕಡಿಮೆ. ದೂರಪ್ರಯಾಣದ ಬಸ್ಸು ಇನ್ನೂ ಅಗ್ಗ, ಆದರೆ ನಿಧಾನ. ಯೂತ್ ಹಾಸ್ಟೆಲ್ ಎಂಬ ಹೆಸರು ಕೇಳಿ ಹಿರಿಯರು ಹಿಂಜರಿಯಬೇಕಾಗಿಲ್ಲ. ಇಂಗ್ಲೆಂಡಿನ ಯೂತ್ ಹಾಸ್ಟೆಲ್ ಸಂಸ್ಥೆ ಅರವತ್ತು ದಾಟಿದವರನ್ನೂ ಸ್ವಾಗತಿಸುತ್ತದೆ. ಸ್ವಂತ ಅಡುಗೆಗೆ ಅನುಕೂಲವಿರುವ ಕಡೆ ಇಳಿದುಕೊಂಡರೆ ಸಸ್ಯಾಹಾರಿಗಳ ಚಿಂತೆಯೂ ಕಳೆಯುತ್ತದೆ.

ಟೆಂಪಲ್ ಮೀಡ್ಸ್ ನಿಲ್ದಾಣದಿಂದ ನಡೆದೇ ಸೇಂಟ್ ಮೇರಿ ರೆಡ್‌ಕ್ಲಿಫ್ ಇಗರ್ಜಿಗೆ ಹೋಗಬಹುದು. ಇಲ್ಲಿಯ ಹಳೆಯ ಪೆಟ್ಟಿಗೆಗಳಲ್ಲಿ ಮಧ್ಯಯುಗದ ಕವಿಯೊಬ್ಬನ ಹಸ್ತಪ್ರತಿಗಳು ದೊರೆತವೆಂದು ಹೇಳಿ, ತಾನೇ ಕಾವ್ಯ ಬರೆದ ಬಾಲಕ ಚಾಟರ್ಟನ್ ಹುಟ್ಟಿದ್ದು 1752ರಲ್ಲಿ, ಇದರ ಸಮೀಪದಲ್ಲೇ. ಹದಿನೇಳರ ಪ್ರಾಯದಲ್ಲಿ ಲಂಡನ್ನಿನಲ್ಲಿ ಅವನು ತೀರಿಕೊಂಡ. ವರ್ಡ್ಸ್‌ವರ್ತ್ ಮತ್ತು ಕೋಲ್‌ರಿಜ್ಜರ ‘ಲಿರಿಕಲ್ ಬ್ಯಾಲಡ್ಸ್’ 1798ರಲ್ಲಿ ಅಚ್ಚಾದದ್ದೂ ಇದೇ ಊರಿನಲ್ಲಿ. ನಮ್ಮ ನವೋದಯವನ್ನು ಓದಿ ಬೆಳೆದವರಿಗೆ ಈ ಊರು ತೀರ ಅಪರಿಚಿತವಲ್ಲ.

ಮುಂದೆ ಬಂದರು. ಏವನ್ ನದಿಯಲ್ಲಿ ಸಮುದ್ರದ ಉಬ್ಬರವಿಳಿತ ಬಲು ಹೆಚ್ಚು. ಇಳಿತದ ವೇಳೆ ಹಡಗುಗಳು ಕೆಸರಿನ ಮೇಲೆ ಕುಳಿತುಬಿಡುತ್ತಿದ್ದವು. ಅದಕ್ಕಾಗಿ 1809ರಲ್ಲಿ ದ್ವಾರಗಳಿಂದ ನೀರನ್ನು ತಡೆದು, ಸದಾ ಒಂದೇ ಮಟ್ಟದಲ್ಲಿ ನಿಲ್ಲುವ ತೇಲುಬಂದರನ್ನು ರಚಿಸಿದರು. ದಡದ ಎಂ ಷೆಡ್ಡಿನಲ್ಲಿ ಎಡ್ವರ್ಡ್ ಕೋಲ್‌ಸ್ಟನ್ನನ ಕಂಚಿನ ಪ್ರತಿಮೆ ಬಣ್ಣದ ಕಲೆಗಳೊಡನೆ ಅಡ್ಡಲಾಗಿ ಮಲಗಿದೆ. ಗುಲಾಮರ ವ್ಯಾಪಾರದಲ್ಲಿ ಪಾಲುಗೊಂಡು ಊರಿಗೆ ದಾನ ಮಾಡಿದವನು ಅವನು. 1895ರಲ್ಲಿ ನಿಂತ ಆ ಪ್ರತಿಮೆಯನ್ನು 2020ರ ಜೂನ್ 7ರಂದು ಜನರು ಉರುಳಿಸಿ ನೀರಿಗೆಸೆದರು. 1698ರಿಂದ 1807ರವರೆಗೆ ಈ ಬಂದರಿನಿಂದ ಗುಲಾಮ ವ್ಯಾಪಾರಕ್ಕೆ ಎರಡು ಸಾವಿರಕ್ಕೂ ಹೆಚ್ಚು ಯಾನಗಳು ಹೊರಟಿದ್ದವು. ಸಮೀಪದ ಜಾರ್ಜಿಯನ್ ಮನೆ ನೆವಿಸ್ ದ್ವೀಪದ ಕಬ್ಬಿನ ತೋಟಗಳ ಒಡೆಯ ಜಾನ್ ಪಿನ್ನಿಯದು. ಅವನು ಕರೆತಂದ ಗುಲಾಮ ಪೆರೋನ ಹೆಸರನ್ನು 1999ರಲ್ಲಿ ಕಾಲ್ಸೇತುವೆಯೊಂದಕ್ಕೆ ಇಟ್ಟರು. ಸಂಪತ್ತಿನ ಮನೆ ಮತ್ತು ಅದರ ಬೆಲೆ ತೆತ್ತವನ ಹೆಸರು, ಎರಡನ್ನೂ ಒಂದೇ ನಡಿಗೆಯಲ್ಲಿ ಕಾಣಬಹುದು. ಈ ಮನೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ವಿಚಾರಿಸಿ ಹೊರಡುವುದು ಮೇಲು. ‘ಗ್ರೇಟ್ ಬ್ರಿಟನ್’ ಎಂಬ 1843ರ ಕಬ್ಬಿಣದ ಹಡಗನ್ನು ಹತ್ತಲು ಮಾತ್ರ ಹಣ ಹೆಚ್ಚು. ಅದರ ಕೂವೆಗಳನ್ನು ಎದುರು ದಡದಿಂದಲೇ ನೋಡಿ ತೃಪ್ತರಾಗಬಹುದು.

ಸೋಮವಾರ ಬೆಳಿಗ್ಗೆ ಕ್ಲಿಫ್ಟನ್ ಗುಡ್ಡಕ್ಕೆ. ಬ್ರುನೆಲ್ ಯೋಜಿಸಿದ ತೂಗುಸೇತುವೆ ಮುಗಿದದ್ದು 1864ರಲ್ಲಿ, ಅವನು ಸತ್ತು ಐದು ವರ್ಷಗಳ ಮೇಲೆ. ಕಾರುಗಳಿಗೆ ಸುಂಕವುಂಟು, ನಡೆಯುವವರಿಗಿಲ್ಲ.

ಮಧ್ಯಾಹ್ನವನ್ನು ಆರ್ನೋಸ್ ವೇಲ್ ಸ್ಮಶಾನಕ್ಕೆ ಮೀಸಲಿಡಿ. ಅಲ್ಲಿಂದ ನಿಲ್ದಾಣ ದೂರವಿಲ್ಲ. ಇಲ್ಲಿ, ಆಂಗ್ಲ ಸಮಾಧಿಗಳ ನಡುವೆ, ಭಾರತೀಯ ಶೈಲಿಯ ಛತ್ರಿಯೊಂದರ ಕೆಳಗೆ ರಾಜಾ ರಾಮಮೋಹನ ರಾಯರು ಮಲಗಿದ್ದಾರೆ. ಮಿತ್ರರ ಅತಿಥಿಯಾಗಿ ಬ್ರಿಸ್ಟಲಿಗೆ ಬಂದ ಅವರು ಜ್ವರಕ್ಕೆ ತುತ್ತಾಗಿ 1833ರ ಸೆಪ್ಟೆಂಬರ್ 27ರಂದು ನಿಧನರಾದರು. ಮೊದಲು ಇಳಿದುಕೊಂಡಿದ್ದ ಮನೆಯ ತೋಟದಲ್ಲೇ ಹೂಳಿದ್ದ ದೇಹವನ್ನು, ಹತ್ತು ವರ್ಷಗಳ ಅನಂತರ ದ್ವಾರಕಾನಾಥ ಠಾಕೂರರ ಆಸ್ಥೆಯಿಂದ ಇಲ್ಲಿಗೆ ತಂದರು. ಊರಿನ ನಡುವೆ, ಕಾಲೇಜ್ ಗ್ರೀನಿನಲ್ಲಿ, 1997ರಲ್ಲಿ ಸ್ಥಾಪಿಸಿದ ಅವರ ಪ್ರತಿಮೆಯೂ ಇದೆ. ಅವರನ್ನು ಎಳೆಯ ವಯಸ್ಸಿನಲ್ಲಿ ಕಂಡ ಬ್ರಿಸ್ಟಲಿನ ಮೇರಿ ಕಾರ್ಪೆಂಟರ್ 1866ರಲ್ಲಿ ಭಾರತಕ್ಕೆ ಬಂದು ಸ್ತ್ರೀಶಿಕ್ಷಣಕ್ಕಾಗಿ ದುಡಿದಳು.

ಒಬ್ಬನ ಪ್ರತಿಮೆಯನ್ನು ಊರು ಕೆಡವಿತು. ದೂರದೇಶದ ಇನ್ನೊಬ್ಬರದನ್ನು ತಾನಾಗಿ ನಿಲ್ಲಿಸಿಕೊಂಡಿತು. ಈ ಎರಡನ್ನೂ ಕಂಡು ಯೋಚಿಸಲು ಯಾರೂ ಟಿಕೆಟ್ಟು ಕೇಳುವುದಿಲ್ಲ. ಗಟ್ಟಿ ಪಾದರಕ್ಷೆ, ಮಳೆಗೊಂದು ಕೊಡೆ ಮತ್ತು ಎರಡು ದಿನದ ಸಾವಧಾನವಿದ್ದರೆ ಸಾಕು.