ಜೀಪಿನ ಟೈರು: ಅಂದಕ್ಕೋ, ಹಿಡಿತಕ್ಕೋ?

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ. ಮುಂಗಾರು ಇನ್ನೇನು ಹೊಸ್ತಿಲಿಗೆ ಬಂದಿತ್ತು. ಪೇಟೆಯ ಟೈರಂಗಡಿಯ ಮುಂದೆ ನಮ್ಮ ಶಾಲೆಯ ಹತ್ತನೆಯ ತರಗತಿಯ ಹುಡುಗನೊಬ್ಬ ಅವನ ತಂದೆಯೊಡನೆ ವಾದಿಸುತ್ತ ನಿಂತಿದ್ದ. ನನ್ನನ್ನು ಕಂಡದ್ದೇ ತಂದೆ ಕೂಗಿದರು: “ಮೇಷ್ಟ್ರೇ, ಒಳ್ಳೇ ಹೊತ್ತಿಗೆ ಬಂದ್ರಿ. ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮಾರಾಯ್ರೇ.”

ಅವರದು ಕೊಪ್ಪದ ಕಡೆಯ ಸಣ್ಣ ತೋಟ. ಮನೆಯಿಂದ ಮೂರು ಕಿಲೋಮೀಟರು ಮಣ್ಣಿನ ದಾರಿ, ಆಮೇಲೆ ತಿರುವುಗಳೇ ತುಂಬಿದ ಹದಿನಾಲ್ಕು ಕಿಲೋಮೀಟರು ಟಾರು ರಸ್ತೆ. ಮನೆಯಲ್ಲಿರುವುದು 2010ರಲ್ಲಿ ಬಂದ ಮಾದರಿಯ ಹಳೆಯ ಥಾರ್. ಬೆಳಿಗ್ಗೆ ಅದರಲ್ಲೇ ಈ ಹುಡುಗ, ಅವನ ತಂಗಿ, ಪಕ್ಕದ ಮನೆಗಳ ಮೂರು ಮಕ್ಕಳು ಶಾಲೆಗೆ ಬರುತ್ತಾರೆ. ಹಿಂದಿನ ಎರಡು ಟೈರು ಸವೆದು ಬೋಳಾಗಿದ್ದವು. ಆ ಎರಡಕ್ಕೆ ಮಾತ್ರ ಕಡಿಮೆ ಬೆಲೆಯ ರೀಬಟನ್ ಟೈರು ಹಾಕಿಸೋಣವೆಂದು ತಂದೆಯ ಲೆಕ್ಕ. ಮಗನಿಗೋ ಸಿನಿಮಾದಲ್ಲಿ ಕಾಣುವಂಥ ದಪ್ಪ ದಪ್ಪ ಕಚ್ಚಿನ, ಒಂದು ಅಳತೆ ದೊಡ್ಡದಾದ ಕೆಸರಿನ ಟೈರೇ ಬೇಕು.

ನಾನು ಮೆಕ್ಯಾನಿಕ್ ಅಲ್ಲ, ವಿಜ್ಞಾನ ಪಾಠ ಮಾಡುವವನು. ಆದರೆ ಬಲ, ಒತ್ತಡ, ಘರ್ಷಣೆ ಎಂದು ನಾವು ಕಪ್ಪು ಹಲಗೆಯ ಮೇಲೆ ಬರೆಯುವುದೆಲ್ಲ ಒಂದೇ ಕಡೆ ಸೇರಿರುವ ವಸ್ತು ಯಾವುದೆಂದು ಕೇಳಿದರೆ ಟೈರನ್ನೇ ತೋರಿಸಬೇಕು. ಅಂದು ಅಂಗಡಿಯ ಮುಂದೆ ಅರ್ಧ ಗಂಟೆ ನಡೆದ ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಗನಿಗಾಗಿ ಹುಟ್ಟಿದ ಟೈರು

ಮೊದಲಿಗೆ ಒಂದಿಷ್ಟು ಇತಿಹಾಸ. ಹಸಿ ರಬ್ಬರು ಸೆಕೆಗೆ ಅಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಅದನ್ನು ಗಂಧಕದೊಡನೆ ಕಾಯಿಸಿದರೆ ಗಟ್ಟಿಯೂ ಪುಟಿಯುವಂಥದೂ ಆಗುತ್ತದೆಂದು 1839ರಲ್ಲಿ ಕಂಡುಕೊಂಡವನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಗಾಳಿ ತುಂಬಿದ ಚಕ್ರಕ್ಕೆ ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಅದು ಬಳಕೆಗೆ ಬಾರದೆ ಮರೆತುಹೋಯಿತು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲು ಕುಲುಕದಿರಲೆಂದು ರಬ್ಬರಿನ ಕೊಳವೆಗೆ ಗಾಳಿ ತುಂಬಿ ಚಕ್ರಕ್ಕೆ ಸುತ್ತಿದ. ಗಾಳಿ ಟೈರು ಬಳಕೆಗೆ ಬಂದದ್ದು ಹೀಗೆ, ತಂದೆಯೊಬ್ಬ ಮಗನ ಮೇಲಿಟ್ಟ ಕಾಳಜಿಯಿಂದ.

ಎರಡು ಪೋಸ್ಟ್‌ಕಾರ್ಡಿನಷ್ಟು ಜಾಗ

ಜನ ತುಂಬಿದ ಜೀಪಿನ ತೂಕ ಸುಮಾರು 2,000 ಕಿಲೋಗ್ರಾಂ ಎನ್ನೋಣ. ಒಂದೊಂದು ಚಕ್ರಕ್ಕೆ 500 ಕಿಲೋಗ್ರಾಂ. ಟೈರಿನಲ್ಲಿ 30 ಪೌಂಡು ಗಾಳಿ ಇದ್ದರೆ ಅದು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ ಒತ್ತಡ. 500ನ್ನು 2.1ರಿಂದ ಭಾಗಿಸಿ. ಸುಮಾರು 238 ಚದರ ಸೆಂಟಿಮೀಟರು ಬರುತ್ತದೆ. ಅಂದರೆ ಪ್ರತಿ ಚಕ್ರವೂ ನೆಲವನ್ನು ಮುಟ್ಟುವ ಜಾಗ ಎರಡು ಅಂಚೆ ಕಾರ್ಡುಗಳಷ್ಟು ಮಾತ್ರ! ಐದು ಮಕ್ಕಳ ಪ್ರಾಣ ಈ ಎಂಟು ಕಾರ್ಡುಗಳ ಮೇಲೆ ನಿಂತಿರುತ್ತದೆ. ಟೈರು ಆರಿಸುವುದೆಂದರೆ ಈ ಎಂಟು ಕಾರ್ಡುಗಳ ಮೇಲೆ ಏನಿರಬೇಕೆಂದು ಆರಿಸುವುದು.

ವಿದ್ಯಾರ್ಥಿಗಳೇ, ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಸೈಕಲ್ಲಿನ ಹಿಂದಿನ ಚಕ್ರದ ಕೆಳಗೆ ಗ್ರಾಫ್ ಹಾಳೆಯನ್ನೂ ಅದರ ಮೇಲೆ ಕಾರ್ಬನ್ ಕಾಗದವನ್ನೂ ಇಟ್ಟು ಒಬ್ಬರು ಸೀಟಿನ ಮೇಲೆ ಕೂರಿ. ಮೂಡಿದ ಗುರುತಿನ ಚೌಕಗಳನ್ನು ಎಣಿಸಿ. ಸ್ವಲ್ಪ ಗಾಳಿ ಇಳಿಸಿ ಮತ್ತೆ ಮಾಡಿ. ಗಾಳಿ ಇಳಿದಷ್ಟೂ ಗುರುತು ದೊಡ್ಡದಾಗುವುದನ್ನು ನೋಡುತ್ತೀರಿ.

ಟೈರಿನ ಮೂರು ಜಾತಿ

ಜೀಪು ಮಾದರಿಯ ವಾಹನಗಳಿಗೆ ಸಿಗುವ ಟೈರುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಹೈವೇ ಟೆರೇನ್, ಅಂದರೆ ಎಚ್.ಟಿ. ಇದರ ಕಚ್ಚುಗಳು ಹತ್ತಿರ ಹತ್ತಿರ, ಗಾಡಿಗಳು ಕಿರಿದು. ಟಾರು ರಸ್ತೆಯಲ್ಲಿ ಸದ್ದಿಲ್ಲದೆ ಓಡುತ್ತದೆ, ಬ್ರೇಕಿಗೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಜೇಡಿಮಣ್ಣಿನ ಕೆಸರಿಗೆ ಇಳಿದರೆ ಗಾಡಿಗಳು ತುಂಬಿಕೊಂಡು ಟೈರು ನುಣುಪಾದ ಉರುಳೆಯಂತಾಗುತ್ತದೆ.

ಇದಕ್ಕೆ ತದ್ವಿರುದ್ಧ ಮಡ್ ಟೆರೇನ್, ಎಂ.ಟಿ. ದೊಡ್ಡ ದೊಡ್ಡ ಕಚ್ಚುಗಳು, ನಡುವೆ ಅಗಲವಾದ ಖಾಲಿ ಜಾಗ. ಕಚ್ಚು ಕೆಸರಿನೊಳಗೆ ಹೂತು, ಸಲಿಕೆಯಂತೆ ಅದನ್ನು ಹಿಂದಕ್ಕೆ ತಳ್ಳುತ್ತದೆ. ಚಕ್ರ ತಿರುಗಿದಂತೆ ಅಂಟಿದ ಮಣ್ಣನ್ನು ಎಸೆದು ತನ್ನನ್ನು ತಾನೇ ಶುಚಿಮಾಡಿಕೊಳ್ಳುತ್ತದೆ. ಆದರೆ ಅದೇ ಟೈರು ಟಾರು ರಸ್ತೆಗೆ ಬಂದಾಗ ಆ ಖಾಲಿ ಜಾಗವೇ ಕೊರತೆಯಾಗುತ್ತದೆ. ಎರಡು ಕಾರ್ಡಿನ ಜಾಗದಲ್ಲಿ ಒಳ್ಳೆಯ ಪಾಲು ಬರಿಯ ಗಾಳಿ. ರಸ್ತೆಗೆ ತಾಗುವ ರಬ್ಬರು ಕಡಿಮೆ, ಎತ್ತರದ ಕಚ್ಚುಗಳು ಬಾಗುತ್ತವೆ. ಒದ್ದೆ ಟಾರಿನಲ್ಲಿ ಗಾಡಿ ನಿಲ್ಲಲು ಸಾಮಾನ್ಯವಾಗಿ ಹೆಚ್ಚು ದೂರ ಬೇಕಾಗುತ್ತದೆ. ಜೊತೆಗೆ ಸದ್ದು, ಬೇಗ ಸವೆತ, ಹೆಚ್ಚು ಡೀಸೆಲ್ಲು.

ಇವೆರಡರ ನಡುವಿನದು ಆಲ್ ಟೆರೇನ್, ಎ.ಟಿ. ಎರಡೂ ಕಡೆ ಮೊದಲ ಸ್ಥಾನವಿಲ್ಲ, ಎರಡೂ ಕಡೆ ಪಾಸಾಗುತ್ತದೆ. ಕಚ್ಚುಗಳ ಮೇಲೆ ಚಾಕುವಿನಿಂದ ಗೀರಿದಂಥ ಸಣ್ಣ ಸೀಳುಗಳಿರುತ್ತವೆ. ಒದ್ದೆ ರಸ್ತೆಯ ನೀರಿನ ಪೊರೆಯನ್ನು ಕತ್ತರಿಸುವುದು ಈ ಸೀಳುಗಳ ಕೆಲಸ.

“ಸಾರ್, ನಮ್ಮದು ಫೋರ್ ವೀಲ್ ಡ್ರೈವ್ ಅಲ್ವಾ? ಎಲ್ಲಿ ಜಾರುತ್ತೆ?” ಎಂದು ಹುಡುಗ ಕೇಳಿದ. ಇದು ಅನೇಕರ ತಪ್ಪು ತಿಳಿವಳಿಕೆ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲ ಸಿಗುವುದು ಮುಂದಕ್ಕೆ ಹೋಗಲು ಮಾತ್ರ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಏರು ಹತ್ತುವುದರಲ್ಲಿ ಜೀಪು ಗೆಲ್ಲಬಹುದು, ನಿಲ್ಲುವುದರಲ್ಲಿ ಅದಕ್ಕೆ ಯಾವ ವಿಶೇಷವೂ ಇಲ್ಲ. ಗಂಟೆಗೆ 50 ಕಿಲೋಮೀಟರು ವೇಗದಲ್ಲಿರುವ ಗಾಡಿ, ರಸ್ತೆಗೂ ಟೈರಿಗೂ ನಡುವಿನ ಘರ್ಷಣ ಗುಣಾಂಕ 0.7 ಇದ್ದರೆ ಬ್ರೇಕು ಹಿಡಿದ ಮೇಲೆ 14 ಮೀಟರಿನಲ್ಲಿ ನಿಲ್ಲುತ್ತದೆ. ಅದು 0.4ಕ್ಕೆ ಇಳಿದರೆ 25 ಮೀಟರು ಬೇಕು. ವೇಗದ ವರ್ಗವನ್ನು ಗುಣಾಂಕ ಮತ್ತು ಗುರುತ್ವ ವೇಗೋತ್ಕರ್ಷದ ಗುಣಲಬ್ಧದ ಎರಡರಷ್ಟರಿಂದ ಭಾಗಿಸಿ ನೀವೇ ಲೆಕ್ಕ ಮಾಡಿ ನೋಡಿ. ಆ 11 ಮೀಟರಿನ ಅಂತರದಲ್ಲಿ ಎದುರಿನಿಂದ ಬರುವ ಬಸ್ಸೂ ಇರಬಹುದು.

ಪಕ್ಕದ ಗೋಡೆಯ ಬರಹ

ಟೈರಿನ ಪಕ್ಕದ ಗೋಡೆಯನ್ನು ಓದಲು ಕಲಿಯಬೇಕು. 235/70 ಆರ್ 16 105 ಎಸ್ ಎಂದಿದ್ದರೆ 235 ಎಂಬುದು ಮಿಲಿಮೀಟರಿನಲ್ಲಿ ಅಗಲ. 70 ಎಂದರೆ ಪಕ್ಕದ ಗೋಡೆಯ ಎತ್ತರ ಅಗಲದ ಶೇಕಡಾ 70. ಆರ್ ಎಂದರೆ ರೇಡಿಯಲ್ ಟೈರು. 16 ಎಂದರೆ ರಿಮ್ಮಿನ ವ್ಯಾಸ, ಅಂಗುಲದಲ್ಲಿ. 105 ಭಾರದ ಸೂಚಿ. ಒಂದು ಟೈರು 925 ಕಿಲೋಗ್ರಾಂ ಹೊರಬಲ್ಲುದು ಎಂದು ಅರ್ಥ. ಎಸ್ ಎಂದರೆ ಗಂಟೆಗೆ 180 ಕಿಲೋಮೀಟರಿನ ವೇಗಮಿತಿ. ಹೊಸ ಟೈರಿನ ಭಾರದ ಸೂಚಿ ವಾಹನದ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು.

ಇನ್ನೊಂದು ಕಡೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. 2319 ಎಂದರೆ 2019ರ ಇಪ್ಪತ್ತಮೂರನೆಯ ವಾರ. ನಾನು ಬಗ್ಗಿ ಅವರ ಗಾಡಿಯ ಮುಂದಿನ ಟೈರುಗಳನ್ನು ನೋಡಿದೆ. ಕಚ್ಚು ಇನ್ನೂ ಇತ್ತು, ಆದರೆ ಅಂಕಿ 1416 ಎಂದಿತ್ತು. ಎಂಟು ವರ್ಷ ದಾಟಿದ ಟೈರು! ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕುಗಳು. ಬಿಸಿಲು, ಆಮ್ಲಜನಕ, ಓಜೋನುಗಳಿಂದ ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಐದು ವರ್ಷದ ನಂತರ ವರ್ಷಕ್ಕೊಮ್ಮೆ ತಿಳಿದವರಿಗೆ ತೋರಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ತೆಗೆದುಬಿಡಿ ಎಂದು ಹಲವು ತಯಾರಕರೇ ಹೇಳುತ್ತಾರೆ. ಬಿರುಕು ಕಂಡ ಮೇಲೆ ಕಾಯುವಂತಿಲ್ಲ. “ಮುಂದಿನವು ಚೆನ್ನಾಗಿವೆ ಅಂತ ಇದ್ನಲ್ಲ ನಾನು” ಎಂದು ತಂದೆ ಮೆಲ್ಲನೆ ಅಂದರು.

ದೊಡ್ಡದಾದರೆ ಒಳ್ಳೆಯದೇ?

ಹುಡುಗ ಆಸೆಪಟ್ಟದ್ದು 2020ರ ಹೊಸ ಥಾರ್‌ಗೆ ಬರುವ 245/75 ಆರ್ 16. ಅವನ ಕೈಯಲ್ಲೇ ಲೆಕ್ಕ ಮಾಡಿಸಿದೆ. ಹಳೆಯ ಅಳತೆಯ ಟೈರಿನ ವ್ಯಾಸ 735 ಮಿಲಿಮೀಟರು, ಹೊಸದರದ್ದು 774. ವ್ಯತ್ಯಾಸ ಶೇಕಡಾ 5ರಷ್ಟು. ಗಾಡಿ ನೆಲದಿಂದ 19 ಮಿಲಿಮೀಟರು ಮೇಲೇಳುತ್ತದೆ, ಅದು ಲಾಭ. ಆದರೆ ವೇಗಮಾಪಕ 60 ತೋರಿಸುವಾಗ ಗಾಡಿ ಮೊದಲಿಗಿಂತ ಶೇಕಡಾ 5 ಹೆಚ್ಚು, ಅಂದರೆ ಸುಮಾರು 63ರಲ್ಲಿ ಓಡುತ್ತಿರುತ್ತದೆ. ನೆಲವನ್ನು ತಳ್ಳುವ ಬಲ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ. ಚಕ್ರ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜಲೂಬಹುದು.

ಅಗಲ ಹೆಚ್ಚಿದ್ದರೆ ಹಿಡಿತ ಹೆಚ್ಚೆಂಬುದೂ ಎಲ್ಲ ಕಡೆ ನಿಜವಲ್ಲ. ಎರಡನೆಯ ಮಹಾಯುದ್ಧದ ಜೀಪಿನ ಟೈರು ಬರೀ ಆರು ಅಂಗುಲ ಅಗಲದ್ದು. ಮರಳಿನಲ್ಲಿ ಅಗಲವಾದ ಟೈರು ತೇಲಿದಂತೆ ಹೋಗುತ್ತದೆ. ಆದರೆ ಮೇಲೆ ನಾಲ್ಕು ಬೆರಳು ಕೆಸರು, ಕೆಳಗೆ ಗಟ್ಟಿ ನೆಲ ಇರುವ ಮಲೆನಾಡಿನ ದಾರಿಯಲ್ಲಿ ಕಿರಿದಾದ ಟೈರು ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಮಳೆಗಾಲದಲ್ಲಿ ಎಸ್ಟೇಟ್ ಜೀಪುಗಳವರು ಚಕ್ರಕ್ಕೆ ಸರಪಳಿ ಸುತ್ತುವುದೂ ಇದೇ ತತ್ವದಿಂದ. ತೂಕವೆಲ್ಲ ಸರಪಳಿಯ ಕೊಂಡಿಗಳ ಮೇಲೆ ಬಿದ್ದು ಅವು ನೆಲಕ್ಕೆ ಕಚ್ಚಿಕೊಳ್ಳುತ್ತವೆ. ಟಾರು ಸಿಕ್ಕೊಡನೆ ಸರಪಳಿ ಬಿಚ್ಚಲೇಬೇಕು.

ಎರಡೋ, ನಾಲ್ಕೋ?

ಎರಡೇ ಟೈರು ಸಾಕೆಂಬ ತಂದೆಯ ಲೆಕ್ಕವನ್ನೂ ಪರೀಕ್ಷಿಸಿದೆವು. ಈ ಬಗೆಯ ಜೀಪಿನಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಾಗೂ ಹಿಂದಿನ ಷಾಫ್ಟುಗಳು ಒಂದಕ್ಕೊಂದು ಬಿಗಿಯಾಗಿ ಸೇರಿಕೊಂಡು ಒಂದೇ ವೇಗದಲ್ಲಿ ತಿರುಗುತ್ತವೆ. ಒಂದು ಜೊತೆಯ ಕಚ್ಚು 9 ಮಿಲಿಮೀಟರು, ಇನ್ನೊಂದರದು 3 ಇದ್ದರೆ ತ್ರಿಜ್ಯದಲ್ಲಿ 6 ಮಿಲಿಮೀಟರು ವ್ಯತ್ಯಾಸ. ಸುತ್ತಳತೆಯಲ್ಲಿ ಅದು ಸುಮಾರು 38 ಮಿಲಿಮೀಟರು. ಒಂದು ಕಿಲೋಮೀಟರಿಗೆ ಚಕ್ರ 430ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಸ್ಥೂಲವಾಗಿ ಕಿಲೋಮೀಟರಿಗೆ 16 ಮೀಟರು! ರೇಡಿಯಲ್ ಟೈರಿನಲ್ಲಿ ಇದು ಸ್ವಲ್ಪ ಕಡಿಮೆಯಾದೀತು, ಆದರೆ ಇಲ್ಲವಾಗದು. ಈ ವ್ಯತ್ಯಾಸವನ್ನು ಟೈರು ಉಜ್ಜಿಕೊಂಡೋ ಗೇರು ನೊಂದುಕೊಂಡೋ ಸರಿದೂಗಿಸಬೇಕು. ಟೈರಿನಲ್ಲಿ ಉಳಿಸಿದ ಹಣ ಗೇರಿನ ರಿಪೇರಿಗೆ ಹೋದರೆ ಉಳಿತಾಯವೆಲ್ಲಿ ಬಂತು?

ರೀಬಟನ್ ಟೈರಿನ ಬಗ್ಗೆ ಒಂದು ಮಾತು. ಲಾರಿ, ಬಸ್ಸುಗಳ ಟೈರುಗಳನ್ನು ಕ್ರಮವಾಗಿ ಪರೀಕ್ಷಿಸಿ ರೀಬಟನ್ ಮಾಡುವುದು ನಡೆದುಬಂದ ಪದ್ಧತಿ, ಅದು ತಪ್ಪಲ್ಲ. ಆದರೆ ಒಳಗಿನ ಹಳೆಯ ಮೈ ಎಷ್ಟು ವರ್ಷದ್ದೆಂದು ತಿಳಿಯದ ಟೈರನ್ನು ಮಕ್ಕಳನ್ನು ಕೂರಿಸುವ ಗಾಡಿಗೆ ಹಾಕಬಾರದು.

ಗಾಳಿಯ ಲೆಕ್ಕ

ಕೆಸರು, ಮರಳಿನಲ್ಲಿ ಗಾಳಿಯನ್ನು 20 ಪೌಂಡಿಗೆ ಇಳಿಸಿದರೆ ನೆಲ ಮುಟ್ಟುವ ಜಾಗ ಎರಡು ಕಾರ್ಡಿನಿಂದ ಮೂರರ ಹತ್ತಿರ ಬರುತ್ತದೆ. ಹೊಸ ಟೈರು ಕೊಳ್ಳದೆಯೇ ಹಿಡಿತ ಹೆಚ್ಚಿಸುವ ಉಪಾಯ ಇದು. ಆದರೆ ಟಾರು ರಸ್ತೆ ಸೇರುವ ಮೊದಲು ಮತ್ತೆ ಗಾಳಿ ತುಂಬಲೇಬೇಕು. ಗಾಳಿ ಕಡಿಮೆಯಾದ ಟೈರಿನ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಬಿಸಿಯೇರುತ್ತದೆ. ವೇಗದಲ್ಲಿ ಸಿಡಿಯಲೂಬಹುದು. ಮಾತ್ರವಲ್ಲ, ರಸ್ತೆಯಲ್ಲಿ ನೀರು ನಿಂತಾಗ ಗಾಳಿ ಕಡಿಮೆಯಾದ ಅಥವಾ ಸವೆದ ಟೈರು ಬೇಗನೆ ನೀರಿನ ಮೇಲೆ ತೇಲಿಬಿಡುತ್ತದೆ. ಆಗ ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ನೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಗೆ ಆದದ್ದು

ತಂದೆ ತುಸು ಹೊತ್ತು ಸುಮ್ಮನಿದ್ದರು. ಕೈಯಲ್ಲಿದ್ದದ್ದು ಮೆಣಸು ಮಾರಿದ ದುಡ್ಡು, ಅದರಲ್ಲಿ ಮಗನ ಮುಂದಿನ ಓದಿಗೆಂದು ತೆಗೆದಿಟ್ಟದ್ದೂ ಸೇರಿತ್ತು. ಆಗ ಹುಡುಗನೇ ಬಾಯಿ ಬಿಟ್ಟ: “ಅಪ್ಪ, ದೊಡ್ಡ ಟೈರು ಬೇಡ. ಕಂಪನಿ ಅಳತೆಯ ಎ.ಟಿ. ನಾಲ್ಕು ಹಾಕ್ಸಿ. ತಂಗಿನೂ ಅದರಲ್ಲೇ ಬರೋದಲ್ವಾ?” ನಾಲ್ಕು ಟೈರು ಬಂದವು. ಸ್ಟೆಪ್ನಿಯನ್ನು ಅಡಿಕೆ ಕೊಯ್ಲಿನ ನಂತರ ಬದಲಾಯಿಸಿದರು.

ಜುಲೈಯಲ್ಲಿ ಒಂದು ಬೆಳಿಗ್ಗೆ, ಭಾರಿ ಮಳೆಯ ನಡುವೆ, ತಿರುವು ದಾಟಿದೊಡನೆ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತಂತೆ. ಗಾಡಿ ಮರದಿಂದ ಒಂದು ಮಾರು ದೂರದಲ್ಲಿ ನಿಂತಿತು. ಅದಕ್ಕೆ ಟೈರೊಂದೇ ಕಾರಣ ಎಂದು ನಾನು ಹೇಳಲಾರೆ, ತಂದೆ ನಿಧಾನವಾಗಿ ಓಡಿಸುತ್ತಿದ್ದುದೂ ಕಾರಣ. ಆದರೆ ಹಳೆಯ ಬೋಳು ಟೈರಿಗೆ ಆ ಒಂದು ಮಾರು ಸಾಕಾಗುತ್ತಿರಲಿಲ್ಲ ಎಂದು ಲೆಕ್ಕ ಬಲ್ಲ ಯಾರೂ ಹೇಳಬಹುದು.

ಜೀಪು ಇಲ್ಲದವರಿಗೂ ಇಲ್ಲಿ ಒಂದು ಕೆಲಸವಿದೆ. ನಮ್ಮ ದೇಶದ ಮೋಟಾರು ವಾಹನ ನಿಯಮದಂತೆ ಕಾರು, ಜೀಪು, ವ್ಯಾನುಗಳ ಟೈರಿನ ಕಚ್ಚಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ 0.8 ಮಿಲಿಮೀಟರು. ಗಾಡಿಗಳ ತಳದಲ್ಲಿರುವ ಸಣ್ಣ ಉಬ್ಬಿನ ಮಟ್ಟಕ್ಕೆ ಕಚ್ಚು ಸವೆದಿದ್ದರೆ ಟೈರಿನ ಆಯುಷ್ಯ ಮುಗಿಯಿತೆಂದೇ ಅರ್ಥ. ವಿದ್ಯಾರ್ಥಿಗಳೇ, ನಾಳೆ ಶಾಲೆಯ ವ್ಯಾನೋ ಆಟೋವೋ ಬಂದು ನಿಂತಾಗ ಹತ್ತುವ ಮುಂಚೆ ಕಂಪಾಸು ಪೆಟ್ಟಿಗೆಯ ಸ್ಕೇಲಿನಿಂದ ಒಮ್ಮೆ ಅಳೆದು ನೋಡಿ. ಪಾಲಕರೇ, ಮಕ್ಕಳು ಬಂದು ಹೇಳಿದ ಅಂಕಿಯನ್ನು ನಕ್ಕು ತಳ್ಳಿಹಾಕಬೇಡಿ.